ನಮ್ಮ ಕೇಸನ್ನು ಫೆಡರಲ್ ಕೋರ್ಟಿಗೆ ಒಯ್ದರು, ಈಗ ವಾಪಸ್ ಸ್ಟೇಟ್ ಕೋರ್ಟಿಗೆ ಅಂತಿದ್ದಾರೆ. ಒಪ್ಪಿಕೊಳ್ಳೋದಾ, ವಿರೋಧಿಸೋದಾ?

ಸಾಗರದವ_ಜೆರ್ಸಿಯಲ್ಲಿ

ಎಲ್ಲರಿಗೂ ನಮಸ್ಕಾರ. ಇಲ್ಲಿನ ಕೋರ್ಟ್ ವ್ಯವಹಾರ ಗೊತ್ತಿರುವವರು ದಯವಿಟ್ಟು ಸ್ವಲ್ಪ ಬಿಡಿಸಿ ಹೇಳಿ.

ಕಳೆದ ವರ್ಷ ಫೆಬ್ರವರಿಯಲ್ಲಿ ನನ್ನ ಹೆಂಡತಿ ನ್ಯೂಜೆರ್ಸಿಯ ಒಂದು ಶಾಪಿಂಗ್ ಪ್ಲಾಜಾದ ಮುಂದೆ ಐಸ್ ಮೇಲೆ ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ಆಪರೇಷನ್ ಮಾಡಿ ಪ್ಲೇಟ್ ಕೂರಿಸಿದ್ದಾರೆ. ಈಗಲೂ ತುಂಬಿದ ಕುಕ್ಕರ್ ಎತ್ತೋಕೆ ಆಗಲ್ಲ. ಪ್ಲಾಜಾ ಮಾಲೀಕರ ಕಂಪನಿಯ ಮೇಲೆ ಸ್ಟೇಟ್ ಕೋರ್ಟಿನಲ್ಲಿ ದಾವೆ ಹಾಕಿದೆವು. ಆ ಕಂಪನಿಯೂ ನ್ಯೂಜೆರ್ಸಿಯದೇ.

ಮಾಲೀಕರು ಸುಮ್ನೆ ಕೂರಲಿಲ್ಲ. ತಪ್ಪು ತಮ್ಮದಲ್ಲ ಎಂದು ಇನ್ನಿಬ್ಬರನ್ನು ಕೇಸಿಗೆ ಎಳೆದರು. ಒಬ್ಬ, ಹಿಮ ತೆಗೆಯುವ ಗುತ್ತಿಗೆದಾರ. ಇನ್ನೊಬ್ಬರು ಯಾರು ಅಂದರೆ ಅಮೆರಿಕ ಸರ್ಕಾರ! ಪ್ಲಾಜಾದಲ್ಲಿ ಒಂದು ಫೆಡರಲ್ ಕಚೇರಿ ಬಾಡಿಗೆಗೆ ಇದೆ. ಅದರ ಬಾಗಿಲ ಮುಂದಿನ ಜಾಗ ಆ ಕಚೇರಿಯ ಜವಾಬ್ದಾರಿ ಅಂತ ಮಾಲೀಕರ ವಾದ. ಇದನ್ನು ಥರ್ಡ್ ಪಾರ್ಟಿ ಕ್ಲೇಮ್ ಅಂತಾರಂತೆ.

ಸರ್ಕಾರದ ವಕೀಲರು ಇಡೀ ಕೇಸನ್ನೇ ಫೆಡರಲ್ ಕೋರ್ಟಿಗೆ ಒಯ್ದರು. ಒಯ್ದ ಮೇಲೆ ಅವರೇ ಈಗ, "ನಮ್ಮ ಮೇಲಿನ ಕ್ಲೇಮ್ ವಜಾ ಮಾಡಿ, ಉಳಿದ ಕೇಸನ್ನು ಸ್ಟೇಟ್ ಕೋರ್ಟಿಗೆ ವಾಪಸ್ ಕಳಿಸಿ" ಎಂದು ಅರ್ಜಿ ಹಾಕಿದ್ದಾರೆ. ನಮ್ಮ ಲಾಯರ್ ಇದಕ್ಕೆ ಅಡ್ಡಿ ಮಾಡುವುದು ಬೇಡ ಅಂತಾರೆ. ಹೆಂಡತಿಗೆ ಭಯ. ಸರ್ಕಾರ ಕೈತಪ್ಪಿದರೆ ದುಡ್ಡು ಕೊಡುವವರು ಯಾರು, ಮೊದಲಿಂದ ಮತ್ತೆ ಶುರು ಮಾಡಬೇಕಾ ಅಂತ ಕೇಳುತ್ತಾಳೆ. ನನಗೂ ಉತ್ತರ ಗೊತ್ತಿಲ್ಲ. ಇದು ನಮಗೆ ಒಳ್ಳೆಯದಾ ಕೆಟ್ಟದ್ದಾ?

ಕಾವೇರಿ_ತೀರ

ಅಯ್ಯೋ, ಅಕ್ಕನ ಕೈ ಬೇಗ ಸರಿ ಹೋಗಲಿ. ಫಿಸಿಯೋಥೆರಪಿ ಬಿಡಬೇಡಿ ಅಂತ ಹೇಳಿ. ನಮ್ಮ ಅತ್ತೆ ಅರ್ಧಕ್ಕೆ ಬಿಟ್ಟು ಈಗ ಬೆರಳು ಪೂರ್ತಿ ಮಡಚಲ್ಲ.

ಡಲ್ಲಾಸ್_ಗೌಡ

ಅಣ್ಣಾ, ನಿಮ್ಮ ಲಾಯರ್ ನಿದ್ದೆ ಮಾಡ್ತಿದ್ದಾರೆ ಅನ್ಸುತ್ತೆ. ಥರ್ಡ್ ಪಾರ್ಟಿಯಾಗಿ ಬಂದವರು ಕೇಸನ್ನು ಫೆಡರಲ್ ಕೋರ್ಟಿಗೆ ಒಯ್ಯೋ ಹಾಗೇ ಇಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಹೋಮ್ ಡಿಪೋ ಕೇಸಿನಲ್ಲಿ ಇದನ್ನೇ ಹೇಳಿದೆ. ಒಯ್ದ ದಿನವೇ ತಪ್ಪು ನಡೆದಿದೆ. ವಾಪಸ್ ಕಳಿಸಿ ಅಂತ ನೀವೇ 30 ದಿನದೊಳಗೆ ಅರ್ಜಿ ಹಾಕಬೇಕಿತ್ತು, ಖರ್ಚನ್ನೂ ವಸೂಲಿ ಮಾಡಬಹುದಿತ್ತು.

ಮಲೆನಾಡ್_ಲಾಯರಮ್ಮ

ಗೌಡ್ರೇ, ನಿಲ್ಲಿ. ಹೋಮ್ ಡಿಪೋ ಕೇಸು ಇಲ್ಲಿಗೆ ಹೊಂದಲ್ಲ.

ನಾನು ಪೆನ್ಸಿಲ್ವೇನಿಯಾದಲ್ಲಿ ಪ್ರಾಕ್ಟೀಸ್ ಮಾಡುತ್ತೇನೆ. ಸಾಗರದವರ ಕೇಸಿನ ಕಾಗದ ನೋಡಿಲ್ಲ, ಅವರ ಲಾಯರ್ ಮಾತೇ ಅವರಿಗೆ ಮುಖ್ಯ. ಆದರೆ ದಾರಿ ಹೇಗಿದೆ ಅಂತ ಹೇಳಬಹುದು.

ಹೋಮ್ ಡಿಪೋ ಕೇಸು ನಾರ್ತ್ ಕ್ಯಾರೊಲಿನಾದ್ದು. ಸಿಟಿಬ್ಯಾಂಕ್ ಒಬ್ಬ ಗ್ರಾಹಕರ ಮೇಲೆ ಸಾಲ ವಸೂಲಿಗೆ ಸ್ಟೇಟ್ ಕೋರ್ಟಿನಲ್ಲಿ ದಾವೆ ಹಾಕಿತು. ಆ ಗ್ರಾಹಕರು ತಿರುಗಿ ಬಿದ್ದು ಹೋಮ್ ಡಿಪೋವನ್ನೂ, ನೀರು ಶುದ್ಧ ಮಾಡುವ ಯಂತ್ರ ಮಾರುವ ಕಂಪನಿಯನ್ನೂ ಕೇಸಿಗೆ ಸೇರಿಸಿದರು. ಆಮೇಲೆ ಬ್ಯಾಂಕ್ ತನ್ನ ಸಾಲದ ಕ್ಲೇಮ್ ಕೈಬಿಟ್ಟಿತು. ಹೋಮ್ ಡಿಪೋ ಕೇಸನ್ನು ಫೆಡರಲ್ ಕೋರ್ಟಿಗೆ ಒಯ್ದಿತು. ಅಲ್ಲಿನ ಜಡ್ಜ್ ವಾಪಸ್ ಕಳಿಸಿದರು. ಸುಪ್ರೀಂ ಕೋರ್ಟ್ 5-4ರಲ್ಲಿ ಅದನ್ನು ಎತ್ತಿಹಿಡಿಯಿತು. ಜಸ್ಟಿಸ್ ಥಾಮಸ್ ಬರೆದ ತೀರ್ಪು. ಒಯ್ಯುವ ಹಕ್ಕು ಮೂಲ ದಾವೆಯ ಪ್ರತಿವಾದಿಗೆ ಮಾತ್ರ ಅಂತ.

ಆದರೆ ಅದು ಫೆಡರಲ್ ಕೋರ್ಟುಗಳ ಕಾನೂನಿನ ಸೆಕ್ಷನ್ 1441ರ ಮಾತು. ಸಾಮಾನ್ಯ ಕಂಪನಿ, ಸಾಮಾನ್ಯ ಮನುಷ್ಯರಿಗೆ ಆ ಸೆಕ್ಷನ್. ಸರ್ಕಾರಕ್ಕೆ, ಫೆಡರಲ್ ಇಲಾಖೆಗಳಿಗೆ, ಅವುಗಳ ಅಧಿಕಾರಿಗಳಿಗೆ 1442 ಅಂತ ಬೇರೆ ಬಾಗಿಲೇ ಇದೆ. ಅದರಲ್ಲಿ ಅವರು ಥರ್ಡ್ ಪಾರ್ಟಿಯಾಗಿ ಬಂದಿದ್ದರೂ ಕೇಸನ್ನು ಒಯ್ಯಬಹುದು. ಬೇರೆ ಯಾರ ಒಪ್ಪಿಗೆಯೂ ಬೇಕಿಲ್ಲ. ಹಾಗಾಗಿ ಒಯ್ದದ್ದು ತಪ್ಪಲ್ಲ. ಖರ್ಚು ವಸೂಲಿಯ ಮಾತೂ ಇಲ್ಲ. ಒಯ್ಯೋದಕ್ಕೆ ಯಾವ ಸಮಂಜಸ ಆಧಾರವೂ ಇಲ್ಲದಿದ್ದರೆ ಮಾತ್ರ ಸಾಧಾರಣವಾಗಿ ಫೀಸ್ ಕೊಡಿಸುತ್ತಾರೆ, 2005ರಿಂದ ಅದೇ ನಿಯಮ.

ಡಲ್ಲಾಸ್_ಗೌಡ

ಸರಿ, ಒಯ್ಯೋದಕ್ಕೆ ಹಕ್ಕಿದೆ ಅಂತಲೇ ಇಟ್ಟುಕೊಳ್ಳೋಣ. ಒಯ್ದವರೇ "ನಮ್ಮನ್ನು ಇಲ್ಲಿ ವಿಚಾರಣೆ ಮಾಡೋ ಹಾಗಿಲ್ಲ, ವಜಾ ಮಾಡಿ" ಅಂದರೆ ಹೇಗೆ? ನ್ಯಾಯವಾ ಇದು? ಮತ್ಯಾಕೆ ಒಯ್ದರು?

ಮಲೆನಾಡ್_ಲಾಯರಮ್ಮ

ಇದು ಕೇಳಬೇಕಾದ ಪ್ರಶ್ನೆ. ಉತ್ತರ ಸ್ವಲ್ಪ ಉದ್ದ ಆಗುತ್ತೆ.

ಸರ್ಕಾರದ ನಿರ್ಲಕ್ಷ್ಯದಿಂದ ಯಾರಿಗಾದರೂ ಪೆಟ್ಟಾದರೆ ಪರಿಹಾರ ಕೇಳಲು ಇರುವ ಕಾನೂನು ಫೆಡರಲ್ ಟಾರ್ಟ್ ಕ್ಲೇಮ್ಸ್ ಆ್ಯಕ್ಟ್, 1946ರದ್ದು. ಆ ಕಾನೂನಿನ ಕೇಸು ನಡೆಯಬೇಕಾದ್ದು ಫೆಡರಲ್ ಕೋರ್ಟಿನಲ್ಲಿ ಮಾತ್ರ. ಸ್ಟೇಟ್ ಕೋರ್ಟಿಗೆ ಅಧಿಕಾರವೇ ಇಲ್ಲ. ಪ್ಲಾಜಾ ಮಾಲೀಕರು ಸರ್ಕಾರವನ್ನು ಎಳೆದದ್ದು ಸ್ಟೇಟ್ ಕೋರ್ಟಿನಲ್ಲಿ. ಅಂದರೆ ಅಧಿಕಾರ ಇಲ್ಲದ ಜಾಗದಲ್ಲಿ.

ಈಗ ಒಂದು ಹಳೇ ನಿಯಮ ಬರುತ್ತೆ. ಸ್ಟೇಟ್ ಕೋರ್ಟಿಗೆ ಇಲ್ಲದ ಅಧಿಕಾರ, ಅಲ್ಲಿಂದ ಕೇಸು ಒಯ್ದ ಮಾತ್ರಕ್ಕೆ ಫೆಡರಲ್ ಕೋರ್ಟಿಗೂ ಹುಟ್ಟಲ್ಲ. ಬಾವಿಯಲ್ಲೇ ನೀರಿಲ್ಲದಿದ್ದರೆ ಕೊಡಕ್ಕೆ ಎಲ್ಲಿಂದ ಬರಬೇಕು? 1922ರಲ್ಲಿ ಲ್ಯಾಂಬರ್ಟ್ ರನ್ ಎಂಬ ಕಲ್ಲಿದ್ದಲು ಕಂಪನಿಯ ಕೇಸಿನಲ್ಲಿ ಜಸ್ಟಿಸ್ ಬ್ರಾಂಡೈಸ್ ಇದನ್ನು ಬರೆದರು. ಡೆರಿವೇಟಿವ್ ಜೂರಿಸ್ಡಿಕ್ಷನ್ ಅನ್ನುತ್ತೇವೆ. ಬಹಳ ಜನ ಇದನ್ನು ಟೀಕಿಸಿದರು. 1986ರಲ್ಲಿ ಸಂಸತ್ತು ತೆಗೆದೂ ಹಾಕಿತು. ಆದರೆ ಈಗಿರುವ ತಿದ್ದುಪಡಿಯ ಮಾತು ಹೇಗಿದೆ ಅಂದರೆ, 1441ರಲ್ಲಿ ಒಯ್ದ ಕೇಸುಗಳಿಗೆ ಮಾತ್ರ ಅದು ಅನ್ವಯ. 1442ರಲ್ಲಿ ಒಯ್ದ ಕೇಸಿಗೆ ಹಳೇ ನಿಯಮ ಉಳಿದಿದೆ ಎಂದು ಹಲವು ಕೋರ್ಟುಗಳು ಹೇಳಿವೆ. 4ನೇ ಸರ್ಕಿಟ್, ಅಂದರೆ ಒಂದು ಫೆಡರಲ್ ಅಪೀಲ್ ಕೋರ್ಟು, 2007ರಲ್ಲಿ ತೀರ್ಮಾನಿಸಿದ ಪಾಮರ್ ಕೇಸು ಸುಮಾರು ಇದೇ ಥರದ್ದು. ಬ್ಯಾಂಕೊಂದು ಸರ್ಕಾರವನ್ನು ಥರ್ಡ್ ಪಾರ್ಟಿ ಮಾಡಿತ್ತು. ಸರ್ಕಾರ ಒಯ್ದಿತು, ತನ್ನ ಮೇಲಿನ ಕ್ಲೇಮ್ ವಜಾ ಮಾಡಿಸಿತು, ಉಳಿದದ್ದು ಸ್ಟೇಟ್ ಕೋರ್ಟಿಗೆ ಮರಳಿತು.

ಯಾಕೆ ಒಯ್ಯುತ್ತಾರೆ ಅಂದರೆ, ಸ್ಟೇಟ್ ಜಡ್ಜ್ ಮುಂದೆ ಈ ವಾದ ಮಾಡೋದಕ್ಕಿಂತ ಫೆಡರಲ್ ಜಡ್ಜ್ ಮುಂದೆ ಮಾಡೋದು ಅವರಿಗೆ ನಂಬಿಕೆ. ನ್ಯಾಯವಾ ಅಂತ ಕೇಳಿದರೆ, ನನ್ನ ಅಭಿಪ್ರಾಯದಲ್ಲಿ ಅಲ್ಲ. ಈ ನಿಯಮವನ್ನು ಸಂಸತ್ತು ಪೂರ್ತಿ ಕಿತ್ತು ಹಾಕಬೇಕು. ಪೆಟ್ಟಾದ ಮನುಷ್ಯರ ತಿಂಗಳುಗಳು ಇದರಲ್ಲಿ ಹಾಳಾಗುತ್ತವೆ.

ಬಯಲುಸೀಮೆ

ಮೇಡಂ, ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ಆದರೆ ಒಂದು ಅನುಮಾನ. ಸರ್ಕಾರದ ಮೇಲೆ ದಾವೆ ಹಾಕುವ ಮೊದಲು ಎಸ್‌ಎಫ್-95 ಫಾರ್ಮ್ ತುಂಬಿ ಆ ಇಲಾಖೆಗೇ ಕೊಡಬೇಕು ಅಲ್ವಾ? ಪ್ಲಾಜಾ ಮಾಲೀಕರು ಕೊಟ್ಟಿರಲ್ಲ. ಅದಕ್ಕೇ ವಜಾ ಆಗ್ತಿರಬೇಕು.

ಮಲೆನಾಡ್_ಲಾಯರಮ್ಮ

ಹೆಚ್ಚಿನ ಕೇಸಿಗೆ ನಿಮ್ಮ ಮಾತು ಸರಿ. ಆದರೆ ಫೆಡರಲ್ ನಿಯಮಗಳಡಿ ಥರ್ಡ್ ಪಾರ್ಟಿ ಕ್ಲೇಮ್, ಸಹಪ್ರತಿವಾದಿಯ ಮೇಲೆ ಹಾಕುವ ಕ್ರಾಸ್ ಕ್ಲೇಮ್, ವಾದಿಯ ಮೇಲೆ ತಿರುಗಿ ಹಾಕುವ ಕೌಂಟರ್ ಕ್ಲೇಮ್‌ ರೂಪದಲ್ಲಿ ಬಂದರೆ ಆ ಫಾರ್ಮಿನ ಷರತ್ತು ಇಲ್ಲ ಎಂದು ಸೆಕ್ಷನ್ 2675ರಲ್ಲೇ ಬರೆದಿದೆ. ಮಾಲೀಕರಿಗೆ ಈಗ ಎಡವಟ್ಟಾಗಿರುವುದು ಎಲ್ಲಿ ಹಾಕಿದರು ಅನ್ನೋದರಲ್ಲಿ. ಮುಂದೆ ಅವರು ಬೇರೆ ದಾವೆಯಾಗಿ ಸರ್ಕಾರದಿಂದ ಪಾಲು ಕೇಳಲು ಹೋದರೆ ಆಗ ಫಾರ್ಮ್ ಬೇಕಾಗುತ್ತೆ. ಅದು ಅವರ ತಲೆನೋವು.

ಸಾಗರದವರೇ, ನಿಮ್ಮ ತಲೆನೋವು ಬೇರೆ ಇದೆ. ನಿಮ್ಮ ಹೆಂಡತಿ ತಾವಾಗಿ ಸರ್ಕಾರದ ಮೇಲೆ ಯಾವತ್ತಾದರೂ ಕ್ಲೇಮ್ ಕೊಟ್ಟಿದ್ದಾರಾ? ಬಿದ್ದದ್ದು ಕಳೆದ ವರ್ಷ ಫೆಬ್ರವರಿ ಅಂದಿರಿ.

ಸಾಗರದವ_ಜೆರ್ಸಿಯಲ್ಲಿ

ಇಲ್ಲ ಮೇಡಂ. ನಾವು ದಾವೆ ಹಾಕಿದ್ದು ಮಾಲೀಕರ ಮೇಲೆ ಮಾತ್ರ. ಸರ್ಕಾರವನ್ನು ಎಳೆದದ್ದು ಅವರು. ಆ ಕಚೇರಿಗೆ ಸಂಬಂಧ ಇದೆ ಅಂತ ನಮಗೆ ಗೊತ್ತಾಗಿದ್ದೇ ಅವರ ಕಾಗದ ಬಂದ ಮೇಲೆ.

ಮಲೆನಾಡ್_ಲಾಯರಮ್ಮ

ಹಾಗಿದ್ದರೆ ಇದನ್ನು ಇವತ್ತೇ ನಿಮ್ಮ ಲಾಯರ್ ಹತ್ತಿರ ಕೇಳಿ. ಬೇರೆ ಎಲ್ಲ ಆಮೇಲೆ.

ಸರ್ಕಾರದ ಮೇಲಿನ ಕ್ಲೇಮನ್ನು ಸಂಬಂಧಪಟ್ಟ ಇಲಾಖೆಗೆ 2 ವರ್ಷದೊಳಗೆ ಲಿಖಿತವಾಗಿ ಕೊಡಬೇಕು. ಮಾಲೀಕರು ಸರ್ಕಾರವನ್ನು ಎಳೆದಿದ್ದಾರೆ, ಸರ್ಕಾರ ಹೇಗೂ ಕೇಸಿನಲ್ಲಿದೆ ಅಂತ ನೀವು ಸುಮ್ಮನಿದ್ದರೆ ಪ್ರಯೋಜನ ಇಲ್ಲ. ಅದು ಮಾಲೀಕರ ಕ್ಲೇಮ್, ನಿಮ್ಮದಲ್ಲ. ಅದು ಬಿದ್ದರೂ ನಿಂತರೂ ನಿಮ್ಮ ಗಡುವು ನಡೆಯುತ್ತಲೇ ಇರುತ್ತೆ. ಈಗ ಅಕ್ಟೋಬರ್. ಮುಂದಿನ ಫೆಬ್ರವರಿ ಬಂದರೆ ಬಾಗಿಲು ಮುಚ್ಚುತ್ತೆ.

ಫಾರ್ಮಿನಲ್ಲಿ ಎಷ್ಟು ದುಡ್ಡು ಅಂತ ಖಚಿತವಾದ ಮೊತ್ತ ಬರೆಯಬೇಕು. "ಮುಂದೆ ತಿಳಿಸುತ್ತೇವೆ" ಅಂತ ಬರೆದರೆ ಅದು ಕ್ಲೇಮೇ ಅಲ್ಲ. ಆಮೇಲೆ ಕೋರ್ಟಿನಲ್ಲಿ ಆ ಮೊತ್ತಕ್ಕಿಂತ ಜಾಸ್ತಿ ಕೇಳೋದೂ ಕಷ್ಟ, ಹೊಸ ಸಾಕ್ಷ್ಯ ಸಿಕ್ಕಿದರೆ ಇಲ್ಲವೇ ಆಮೇಲೆ ಹೊಸ ಸಂಗತಿ ನಡೆದರೆ ಮಾತ್ರ ಅವಕಾಶ. ಹಾಗಾಗಿ ಕೈಗೆ ಇನ್ನೊಂದು ಆಪರೇಷನ್ ಬೇಕಾಗಬಹುದಾ ಅಂತ ಡಾಕ್ಟರನ್ನು ಕೇಳಿ, ಅದನ್ನೂ ಲೆಕ್ಕಕ್ಕೆ ಸೇರಿಸಿ. ಇಲಾಖೆಗೆ ಉತ್ತರ ಕೊಡಲು 6 ತಿಂಗಳು. ಕೊಡದಿದ್ದರೆ ತಿರಸ್ಕಾರ ಆಯಿತು ಅಂತ ಭಾವಿಸಿ ದಾವೆ ಹಾಕಬಹುದು. ಲಿಖಿತವಾಗಿ ತಿರಸ್ಕರಿಸಿದರೆ ಅಲ್ಲಿಂದ 6 ತಿಂಗಳೊಳಗೆ ಹಾಕಲೇಬೇಕು.

ರಾಗಿಮುದ್ದೆ_ರಾಲಿ

ಇದು ನಿಜಕ್ಕೂ ಮುಖ್ಯ. ನಮ್ಮ ಪರಿಚಯದವರೊಬ್ಬರಿಗೆ ಸರ್ಕಾರಿ ವ್ಯಾನ್ ಗುದ್ದಿತ್ತು. ಇನ್ಶೂರೆನ್ಸ್ ಕಂಪನಿ ಜೊತೆ ಪತ್ರ ವ್ಯವಹಾರ ಮಾಡುತ್ತಾ 2 ವರ್ಷ ಕಳೆದುಬಿಟ್ಟರು. ಫಾರ್ಮ್ ಕೊಡಬೇಕು ಅಂತ ಯಾರೂ ಹೇಳಲೇ ಇಲ್ಲ. ಒಂದು ಡಾಲರ್ ಸಿಗಲಿಲ್ಲ.

ಎಚ್1ಬಿ_ಹುಡುಗ

ಕಾನೂನಿನ ಗಂಧ ಗಾಳಿ ಇಲ್ಲದವನ ಪ್ರಶ್ನೆ. ಸರ್ಕಾರ ಹೊರಗೆ ಹೋದ ಮೇಲೂ ಕೇಸನ್ನು ಫೆಡರಲ್ ಜಡ್ಜ್ ತಮ್ಮ ಹತ್ತಿರವೇ ಇಟ್ಟುಕೊಳ್ಳಬಹುದಾ? ವಾಪಸ್ ಕಳಿಸಲೇಬೇಕಾ?

ಡಲ್ಲಾಸ್_ಗೌಡ

ಕಳಿಸಲೇಬೇಕು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿದೆ, ರಾಯಲ್ ಕ್ಯಾನಿನ್ ಕೇಸು. ನಾಯಿ ಆಹಾರದ ಕಂಪನಿ. ಫೆಡರಲ್ ವಿಷಯ ಹೋಯಿತು ಅಂದರೆ ಫೆಡರಲ್ ಕೋರ್ಟಿನ ಅಧಿಕಾರವೂ ಹೋಯಿತು.

ಮಲೆನಾಡ್_ಲಾಯರಮ್ಮ

ಆ ಕೇಸು ಸರಿಯಾಗಿ ನೆನಪಿಟ್ಟಿದ್ದೀರಿ, ಆದರೆ ಅರ್ಧ ಮಾತ್ರ ಹೇಳಿದಿರಿ.

ಅಲ್ಲಿ ಮಿಸ್ಸೌರಿಯ ಗ್ರಾಹಕರು, ವೆಟರ್ನರಿ ಡಾಕ್ಟರ ಚೀಟಿ ಇದ್ದರೆ ಮಾತ್ರ ಮಾರುವ ನಾಯಿ ಆಹಾರದ ಬಗ್ಗೆ ದಾವೆ ಹಾಕಿದ್ದರು. ಕಂಪನಿ ಫೆಡರಲ್ ಕೋರ್ಟಿಗೆ ಒಯ್ದಾಗ, ವಾದಿ ತಾನೇ ತನ್ನ ದಾವೆ ತಿದ್ದಿ ಫೆಡರಲ್ ಕಾನೂನಿನ ಮಾತುಗಳನ್ನು ತೆಗೆದುಹಾಕಿದರು. ವಾದಿ ಹಾಗೆ ತಿದ್ದಿದರೆ ಅಧಿಕಾರ ಪೂರ್ತಿ ಹೋಗುತ್ತೆ, ವಾಪಸ್ ಕಳಿಸಲೇಬೇಕು ಅಂತ ಜಸ್ಟಿಸ್ ಕೇಗನ್ ಬರೆದರು.

ಇಲ್ಲಿ ವಾದಿ ಏನನ್ನೂ ತಿದ್ದಿಲ್ಲ. ಕೋರ್ಟೇ ಒಂದು ಕ್ಲೇಮ್ ವಜಾ ಮಾಡುತ್ತಿದೆ. ಹಾಗೆ ವಜಾ ಆದಾಗ ಉಳಿದ ಸ್ಟೇಟ್ ಕಾನೂನಿನ ವಿಷಯ ಇಟ್ಟುಕೊಳ್ಳೋದು ಬಿಡೋದು ಸಾಮಾನ್ಯವಾಗಿ ಜಡ್ಜ್ ವಿವೇಚನೆ, ಸೆಕ್ಷನ್ 1367. ಕೋರ್ಟಿನ ಸಮಯ, ಎರಡೂ ಕಡೆಯವರ ಅನುಕೂಲ, ನ್ಯಾಯ, ಸ್ಟೇಟ್ ಕೋರ್ಟಿಗೆ ಕೊಡಬೇಕಾದ ಮರ್ಯಾದೆ, ಇಷ್ಟನ್ನೂ ತೂಗಿ ನೋಡುತ್ತಾರೆ. ವಜಾ ಮಾಡುವ ಬದಲು ವಾಪಸ್ ಕಳಿಸಬಹುದು ಅಂತ 1988ರಲ್ಲಿ ಕಾರ್ನೆಗಿ ಮೆಲನ್ ಯೂನಿವರ್ಸಿಟಿಯ ಕೇಸಿನಲ್ಲೇ ತೀರ್ಮಾನ ಆಗಿದೆ. ಅದು ದೊಡ್ಡ ಉಪಕಾರ. ಅದಿಲ್ಲದಿದ್ದರೆ ಗಡುವು ಮೀರಿದ ವಾದಿಗಳು ಬೀದಿಗೆ ಬೀಳುತ್ತಿದ್ದರು.

ಇನ್ನೊಂದು ದಾರಿಯೂ ಇದೆ. ಸರ್ಕಾರದ ಮೇಲಿನ ಕ್ಲೇಮಿಗೆ ಅಧಿಕಾರವೇ ಇರಲಿಲ್ಲ ಎಂದು ಜಡ್ಜ್ ಭಾವಿಸಿದರೆ, ಅದಕ್ಕೆ ಅಂಟಿಕೊಂಡು ಬಂದ ಉಳಿದದ್ದಕ್ಕೂ ಅಧಿಕಾರ ಇಲ್ಲ ಅಂತ ಕಳಿಸುತ್ತಾರೆ. 7ನೇ ಸರ್ಕಿಟ್ 2011ರಲ್ಲಿ ಇದು ಅಧಿಕಾರದ ಪ್ರಶ್ನೆಯಲ್ಲ, ಒಯ್ಯುವ ವಿಧಾನದ ದೋಷ ಅಷ್ಟೇ ಅಂದಿತ್ತು. ಕೋರ್ಟುಗಳೇ ಜಗಳ ಆಡುತ್ತಿರುವ ಜಾಗ ಇದು. ಆದರೆ ಸಾಗರದವರ ಕೇಸಿನಲ್ಲಿ ಇನ್ನೂ ಏನೂ ನಡೆದಿಲ್ಲ. ವಾದಿ, ಪ್ರತಿವಾದಿ ಇಬ್ಬರೂ ನ್ಯೂಜೆರ್ಸಿಯವರು, ವಿಷಯ ನ್ಯೂಜೆರ್ಸಿ ಕಾನೂನು. ಇಂಥದ್ದನ್ನು ಇಟ್ಟುಕೊಳ್ಳುವ ಜಡ್ಜ್ ಅಪರೂಪ.

ಎಚ್1ಬಿ_ಹುಡುಗ

ಇಬ್ಬರೂ ನ್ಯೂಜೆರ್ಸಿಯವರು ಅಂದಿರಲ್ಲ. ಹೆಂಡತಿ ಭಾರತದ ಪಾಸ್‌ಪೋರ್ಟಿನವರಾದರೆ? ನಾನು ವೀಸಾದಲ್ಲಿ ಇಲ್ಲೇ ಇದ್ದೇನೆ. ನಾನು ನ್ಯೂಜೆರ್ಸಿಯವನು ಅಂತ ಲೆಕ್ಕಾನಾ?

ಬಯಲುಸೀಮೆ

ಇದು ಒಳ್ಳೇ ಪ್ರಶ್ನೆ ಕಣಯ್ಯ.

ಮಲೆನಾಡ್_ಲಾಯರಮ್ಮ

ನಮ್ಮವರಿಗೆ ತುಂಬಾ ಬೇಕಾದ ವಿಷಯ. ಬೇರೆ ಬೇರೆ ರಾಜ್ಯದವರ ನಡುವೆ 75,000 ಡಾಲರಿಗಿಂತ ಜಾಸ್ತಿಯ ಜಗಳ ಇದ್ದರೆ ಫೆಡರಲ್ ಕೋರ್ಟಿಗೆ ಹೋಗಬಹುದು. ವಿದೇಶಿ ಪ್ರಜೆ ಮತ್ತು ಅಮೆರಿಕದ ಪ್ರಜೆ ನಡುವಿನ ಜಗಳಕ್ಕೂ ಇದೇ ಅವಕಾಶ. ನೀವು ಎಚ್-1ಬಿ ವೀಸಾದಲ್ಲಿ ಇದ್ದರೆ ಕಾನೂನಿನ ಕಣ್ಣಿಗೆ ಭಾರತದ ಪ್ರಜೆ, ಪಕ್ಕದ ಬೀದಿಯ ಕಂಪನಿಯ ಮೇಲೂ ಫೆಡರಲ್ ಕೋರ್ಟಿಗೆ ಹೋಗಬಹುದು. ಗ್ರೀನ್ ಕಾರ್ಡ್ ಇದ್ದು, ನೀವೂ ಅವರೂ ಒಂದೇ ರಾಜ್ಯದಲ್ಲಿ ನೆಲೆಸಿದ್ದರೆ ಆ ಅವಕಾಶ ಇಲ್ಲ.

ಆದರೂ ಸ್ಟೇಟ್ ಕೋರ್ಟಿನಲ್ಲಿ ನೀವು ಹಾಕಿದ ದಾವೆಯನ್ನು ಈ ಆಧಾರದ ಮೇಲೆ ಫೆಡರಲ್ ಕೋರ್ಟಿಗೆ ಒಯ್ಯಲು ಅದೇ ರಾಜ್ಯದ ಪ್ರತಿವಾದಿಗೆ ಅವಕಾಶ ಇಲ್ಲ. ಒಯ್ದರೆ 30 ದಿನದೊಳಗೆ ಆಕ್ಷೇಪ ಎತ್ತಬೇಕು. ಗೌಡರು ಹೇಳಿದ 30 ದಿನ ಇಂಥ ಕಡೆ ಅನ್ವಯಿಸುತ್ತೆ. ಅಧಿಕಾರವೇ ಇಲ್ಲ ಅನ್ನೋ ಆಕ್ಷೇಪಕ್ಕೆ ಮಾತ್ರ ಆ ಗಡುವು ಇಲ್ಲ.

ಸಾಗರದವ_ಜೆರ್ಸಿಯಲ್ಲಿ

ನಮ್ಮಿಬ್ಬರಿಗೂ ಗ್ರೀನ್ ಕಾರ್ಡ್ ಇದೆ. ಹಾಗಾದರೆ ಆ ದಾರಿಯಿಂದಲೂ ಫೆಡರಲ್ ಕೋರ್ಟಿಗೆ ಸಂಬಂಧ ಇಲ್ಲ ಅಂತಾಯ್ತು.

ಹುಬ್ಬಳ್ಳಿ_ಮಾಮಾ

ನಮಸ್ಕಾರ್ರೀ. ನಾನು ಊರಲ್ಲಿ ಸಿವಿಲ್ ಕೇಸು ನಡೆಸುವವನು. ಮಗಳ ಮನೆಗೆ ಬಂದಿದ್ದೇನೆ, ಇದನ್ನೆಲ್ಲ ಓದಿ ಬಹಳ ಕುತೂಹಲ ಆಯಿತು.

ನಮ್ಮಲ್ಲಿ ರಾಜ್ಯದ ಕೋರ್ಟು, ಕೇಂದ್ರದ ಕೋರ್ಟು ಅಂತ ಎರಡು ಸಾಲು ಇಲ್ಲ. ಹಾಗಾಗಿ ಒಯ್ಯೋದು ತರೋದು ಈ ರೂಪದಲ್ಲಿ ಇಲ್ಲ. ಆದರೆ ಅಧಿಕಾರ ಇಲ್ಲದ ಕೋರ್ಟಿನಲ್ಲಿ ದಾವೆ ಹಾಕಿದರೆ ಸಿವಿಲ್ ಪ್ರೊಸೀಜರ್ ಕೋಡಿನ ಆರ್ಡರ್ 7 ರೂಲ್ 10ರ ಕೆಳಗೆ ವಾದಪತ್ರ ವಾಪಸ್ ಕೊಡುತ್ತಾರೆ, ಸರಿಯಾದ ಕೋರ್ಟಿಗೆ ಹಾಕಿಕೊಳ್ಳಿ ಅಂತ. ಹಾಗೆ ಹಾಕಿದ ಮೇಲೆ ಕೇಸು ಮೊದಲಿಂದ ನಡೆಯಬೇಕು ಅಂತ 2020ರಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿದೆ. ನನ್ನ ಕಕ್ಷಿದಾರರೊಬ್ಬರಿಗೆ ಸಾಕ್ಷಿ ವಿಚಾರಣೆ ಎಲ್ಲ ಮುಗಿದ ಮೇಲೆ ಹಿಂಗಾಯಿತು. ಪಾಪ, ಮುದುಕರು. ಎರಡನೇ ಸಲ ಸಾಕ್ಷಿ ಕಟಕಟೆ ಹತ್ತುವಷ್ಟರಲ್ಲಿ ಅವರ ಮುಖ್ಯ ಸಾಕ್ಷಿದಾರ ತೀರಿಕೊಂಡಿದ್ದರು. ಕಾಲಮಿತಿ ಕಾಯ್ದೆಯ ಸೆಕ್ಷನ್ 14 ಇತ್ತು ಅಂತ ದಾವೆ ಉಳಿಯಿತು, ತಪ್ಪು ಕೋರ್ಟಿನಲ್ಲಿ ಪ್ರಾಮಾಣಿಕವಾಗಿ ಕಳೆದ ಕಾಲ ಬಿಟ್ಟು ಲೆಕ್ಕ ಹಾಕುತ್ತಾರೆ. ಆದರೆ ಹೋದ ಸಾಕ್ಷಿ ಹೋದದ್ದೇ.

ತಂಗೀ, ಅಮೆರಿಕದಲ್ಲಿ ವಾಪಸ್ ಕಳಿಸಿದರೆ ಮೊದಲಿಂದ ಶುರುವೋ, ನಿಂತಲ್ಲಿಂದ ಮುಂದೋ?

ಮಲೆನಾಡ್_ಲಾಯರಮ್ಮ

ಮಾಮಾ, ನಿಂತಲ್ಲಿಂದ ಮುಂದೆ. ಅದೇ ಕೇಸು, ಅದೇ ಕೋರ್ಟಿಗೆ ಮರಳುತ್ತೆ. ಹೊಸ ದಾವೆ ಹಾಕಬೇಕಿಲ್ಲ. ಹಾಗಾಗಿ ಗಡುವು ಮೀರಿತು ಅನ್ನೋ ಭಯವೂ ಇಲ್ಲ. ಮೂಲ ದಾವೆ ಹಾಕಿದ ತಾರೀಖೇ ಲೆಕ್ಕ.

ವಾಪಸ್ ಕಳಿಸದೆ ಸ್ಟೇಟ್ ಕಾನೂನಿನ ಕ್ಲೇಮುಗಳನ್ನು ಫೆಡರಲ್ ಜಡ್ಜ್ ವಜಾ ಮಾಡಿದರೆ ಮಾತ್ರ ಹೊಸದಾಗಿ ಹಾಕಬೇಕು. ಆಗ ನಿಮ್ಮ ಸೆಕ್ಷನ್ 14ಕ್ಕೆ ಹತ್ತಿರದ್ದು ಇಲ್ಲಿ 1367ರಲ್ಲೇ ಇದೆ. ಕೇಸು ಫೆಡರಲ್ ಕೋರ್ಟಿನಲ್ಲಿ ಇದ್ದಷ್ಟು ದಿನ, ಆಮೇಲೆ ಇನ್ನೂ 30 ದಿನ ಗಡುವು ನಿಂತಿರುತ್ತೆ. ನಿಂತಿರುತ್ತೆ ಅಂದರೆ ನಿಜಕ್ಕೂ ಗಡಿಯಾರ ನಿಲ್ಲುತ್ತೆ ಅಂತ 2018ರಲ್ಲಿ ಜಸ್ಟಿಸ್ ಗಿನ್ಸ್‌ಬರ್ಗ್ ಬರೆದರು. ಅದೂ 5-4.

ಕಾವೇರಿ_ತೀರ

ಮಾಮಾ, ಆ ಮುದುಕರ ಕಥೆ ಕೇಳಿ ಹೊಟ್ಟೆ ಉರೀತು. ಕೊನೆಗೆ ಗೆದ್ದರಾ?

ಹುಬ್ಬಳ್ಳಿ_ಮಾಮಾ

ಇನ್ನೂ ನಡೀತಿದೆಯಮ್ಮ.

ರಾಗಿಮುದ್ದೆ_ರಾಲಿ

ನಮ್ಮೂರಲ್ಲಿ ಜಮೀನಿನ ಕೇಸು ಅಂದರೆ ಮೂರು ತಲೆಮಾರು. ನಮ್ಮ ತಾತನ ಹೆಸರಲ್ಲಿ ಶುರುವಾದದ್ದು ಈಗ ನನ್ನ ತಮ್ಮ ಓಡಾಡ್ತಿದ್ದಾನೆ. ತಹಸೀಲ್ದಾರ್ ಕಚೇರಿಯಲ್ಲಿ ಒಂದು ಹಳೇ ಪಹಣಿ ತೆಗೆಸೋಕೆ ಅವನು ಪಟ್ಟ ಪಾಡು ಅಷ್ಟಿಷ್ಟಲ್ಲ.

ನಿರ್ವಾಹಕ

ಜಮೀನಿನ ಮಾತಿಗೆ ಬೇರೆ ಎಳೆ ಇದೆ, ಅಲ್ಲಿ ಬರೆಯಿರಿ. ಇಲ್ಲಿ ಸಾಗರದವರ ಪ್ರಶ್ನೆ ಮುಗಿಯಲಿ.

ಸಾಗರದವ_ಜೆರ್ಸಿಯಲ್ಲಿ

ಮೇಡಂ, ಹೆಂಡತಿ ಪಕ್ಕದಲ್ಲೇ ಕೂತು ಓದ್ತಿದ್ದಾಳೆ. ಅವಳ ಮುಖ್ಯ ಪ್ರಶ್ನೆ ಇದು. ಸರ್ಕಾರ ಕೇಸಿಂದ ಹೊರಗೆ ಹೋದರೆ ಮಾಲೀಕರು "ತಪ್ಪು ಸರ್ಕಾರದ್ದು, ಅವರು ಇಲ್ಲಿಲ್ಲ" ಅಂತ ಜಾರಿಕೊಳ್ಳಲ್ವಾ?

ಡಲ್ಲಾಸ್_ಗೌಡ

ಅದನ್ನೇ ನಾನು ಹೇಳ್ತಿರೋದು. ದೊಡ್ಡ ಜೇಬು ಸರ್ಕಾರದ್ದು. ಅದನ್ನು ಬಿಟ್ಟು ಕೊಡಬಾರದು. ವಜಾ ಅರ್ಜಿಯನ್ನು ವಿರೋಧಿಸಿ, ಫೆಡರಲ್ ಕೋರ್ಟಿನಲ್ಲೇ ಎಲ್ಲರನ್ನೂ ಒಟ್ಟಿಗೆ ಕೂರಿಸಿ.

ಮಲೆನಾಡ್_ಲಾಯರಮ್ಮ

ಗೌಡ್ರೇ, ಎಲ್ಲರೂ ಒಂದೇ ಕಡೆ ಇರಬೇಕು ಅನ್ನೋ ಆಸೆ ನ್ಯಾಯವಾದದ್ದೇ. ಆದರೆ ಬೇರೆಯವರ ಕ್ಲೇಮನ್ನು ನಿಮ್ಮ ಲಾಯರ್ ಫೀಸಲ್ಲಿ ಯಾಕೆ ಕಾಪಾಡಬೇಕು? ಮಾಲೀಕರ ಕ್ಲೇಮ್ ಉಳಿದರೆ ಲಾಭ ಮೊದಲು ಮಾಲೀಕರಿಗೆ. ಸರ್ಕಾರ ಕೊಡುವ ಪಾಲು ಅವರ ಹೊರೆ ಇಳಿಸುತ್ತೆ, ಅಷ್ಟೇ.

ಮಾಲೀಕರು ಸುಲಭಕ್ಕೆ ಜಾರಿಕೊಳ್ಳಲ್ಲ. ವ್ಯಾಪಾರದ ಕಟ್ಟಡದ ಮಾಲೀಕರು ಮುಂದಿನ ಕಾಲುದಾರಿಯನ್ನು ಸರಿಯಾಗಿ ಇಟ್ಟುಕೊಳ್ಳಬೇಕು ಅಂತ ನ್ಯೂಜೆರ್ಸಿ ಸುಪ್ರೀಂ ಕೋರ್ಟ್ 1981ರಲ್ಲೇ ಹೇಳಿದೆ. ಇನ್ನು ಪಾಲಿನ ಲೆಕ್ಕ. ಜೂರಿ ಒಬ್ಬ ಪ್ರತಿವಾದಿಯ ತಪ್ಪು ನೂರಕ್ಕೆ 60 ಅಥವಾ ಜಾಸ್ತಿ ಅಂದರೆ, ಅವರಿಂದಲೇ ಪೂರ್ತಿ ಮೊತ್ತ ವಸೂಲಿ ಮಾಡಬಹುದು. 60ಕ್ಕಿಂತ ಕಡಿಮೆ ಅಂದರೆ ಅವರ ಪಾಲು ಮಾತ್ರ. ಹೊರಗಿರುವ ಸರ್ಕಾರಕ್ಕೆ ಜೂರಿ ಪಾಲು ಹಾಕಬಹುದಾ ಅನ್ನೋದನ್ನು ನಿಮ್ಮ ಲಾಯರ್ ಹತ್ತಿರ ನೇರವಾಗಿ ಕೇಳಿ. ಈ ಕೇಸಿನ ದುಡ್ಡು ನಿಂತಿರೋದೇ ಆ ಉತ್ತರದ ಮೇಲೆ.

ಹಿಮ ತೆಗೆಯುವ ಗುತ್ತಿಗೆದಾರನ ವಿಷಯವೂ ಹಾಗೇ. ಈಗ ಅವನು ಮಾಲೀಕರಿಗೆ ಉತ್ತರ ಕೊಡಬೇಕಾದವನು, ನಿಮಗಲ್ಲ. ಅವನ ತಪ್ಪು ಜಾಸ್ತಿ ಅಂತ ಜೂರಿ ಹೇಳಿದರೆ ನೀವು ಅವನಿಂದ ನೇರವಾಗಿ ವಸೂಲಿ ಮಾಡಬೇಕಲ್ವಾ? ದಾವೆ ತಿದ್ದಿ ಅವನನ್ನು ನೇರ ಪ್ರತಿವಾದಿ ಮಾಡಿಕೊಳ್ಳಿ. ನ್ಯೂಜೆರ್ಸಿಯಲ್ಲಿ ದೇಹಕ್ಕೆ ಪೆಟ್ಟಾದ ಕೇಸಿಗೂ 2 ವರ್ಷವೇ ಗಡುವು. ಅದೇ ಫೆಬ್ರವರಿ.

ಬಯಲುಸೀಮೆ

ಸರ್ಕಾರದ ಮೇಲೆ ಇವರೇ ಕೇಸು ಹಾಕುವ ಹಾಗಾದರೆ ಎರಡು ಕೋರ್ಟಲ್ಲಿ ಎರಡು ಕೇಸು ನಡೆಸಬೇಕಾ? ಸಾಕ್ಷಿ ಎರಡು ಸಲ, ಡಾಕ್ಟರ್ ಎರಡು ಸಲ?

ಮಲೆನಾಡ್_ಲಾಯರಮ್ಮ

1990ಕ್ಕೆ ಮುಂಚೆ ಹಾಗೇ ಆಗುತ್ತಿತ್ತು. 1989ರ ಫಿನ್ಲಿ ಕೇಸು ಓದಿದರೆ ಸಂಕಟ ಆಗುತ್ತೆ. ಸ್ಯಾನ್ ಡಿಯಾಗೋ ಹತ್ತಿರ ಸಣ್ಣ ವಿಮಾನವೊಂದು ಇಳಿಯುವಾಗ ವಿದ್ಯುತ್ ತಂತಿಗೆ ಬಡಿಯಿತು. ಒಬ್ಬ ಹೆಂಗಸು ಗಂಡನನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡರು. ವಿಮಾನಯಾನ ಇಲಾಖೆಯ ಮೇಲೆ ಫೆಡರಲ್ ಕೋರ್ಟಿನಲ್ಲೇ ಹೋಗಬೇಕು. ವಿದ್ಯುತ್ ಕಂಪನಿ, ನಗರಾಡಳಿತ ಎರಡನ್ನೂ ಅದೇ ಕೇಸಿಗೆ ಸೇರಿಸಲು ಕೇಳಿದರು. ಆಗಲ್ಲ ಅಂತು ಸುಪ್ರೀಂ ಕೋರ್ಟ್. ಒಂದೇ ಅಪಘಾತಕ್ಕೆ ಎರಡು ಕೋರ್ಟು. ಮರುವರ್ಷವೇ ಸಂಸತ್ತು 1367 ತಂದು ಅದನ್ನು ಸರಿಪಡಿಸಿತು.

ಹಾಗಾಗಿ ಈಗ ನೀವು ಸರ್ಕಾರದ ಮೇಲೆ ಹೋಗುವುದೇ ಆದರೆ ಫಾರ್ಮಿನ ಹಂತ ಮುಗಿಸಿ ಫೆಡರಲ್ ಕೋರ್ಟಿನಲ್ಲಿ ಎಲ್ಲರನ್ನೂ ಸೇರಿಸಿ ಹಾಕುವ ದಾರಿ ಇದೆ. ಆದರೆ ಸರ್ಕಾರದ ಪಾಲಿಗೆ ಜೂರಿ ಇಲ್ಲ, ಜಡ್ಜ್ ಒಬ್ಬರೇ ತೀರ್ಮಾನ ಮಾಡುತ್ತಾರೆ. ಲಾಯರ್ ಫೀಸಿಗೂ ಮಿತಿ ಇದೆ, ಇಲಾಖೆಯ ಹಂತದಲ್ಲೇ ಇತ್ಯರ್ಥ ಆದರೆ ನೂರಕ್ಕೆ 20, ಕೋರ್ಟಿಗೆ ಹೋದರೆ 25. ಕೆಲವು ಲಾಯರ್‌ಗಳಿಗೆ ಇದರಲ್ಲಿ ಆಸಕ್ತಿ ಇರಲ್ಲ. ಆದ್ದರಿಂದ ಬಿಡದೆ ಕೇಳಿ.

ನನ್ನನ್ನು ಕೇಳಿದರೆ, ವಾಪಸ್ ಹೋಗಲು ಬಿಡಿ. ಮಾಲೀಕರ ಮೇಲಿನ ಕೇಸು ನಿಮ್ಮ ಜಿಲ್ಲೆಯ ಜೂರಿ ಮುಂದೆ ನಡೆಯಲಿ. ಪಕ್ಕದಲ್ಲಿ ಸರ್ಕಾರದ ಮೇಲಿನ ನಿಮ್ಮ ಸ್ವಂತ ಹಕ್ಕನ್ನು ಫಾರ್ಮ್ ಕೊಟ್ಟು ಜೀವಂತ ಇಟ್ಟುಕೊಳ್ಳಿ.

ಡಲ್ಲಾಸ್_ಗೌಡ

ವಾಪಸ್ ಕಳಿಸಿದ ಆದೇಶಕ್ಕೆ ಅಪೀಲೇ ಇಲ್ಲ ಅಂತಾರೆ. ಅದೊಂದು ನೆಮ್ಮದಿ. ಮಾಲೀಕರು ಅಪೀಲ್ ಮಾಡಿ ಇನ್ನಷ್ಟು ಎಳೆಯೋಕೆ ಆಗಲ್ಲ.

ಮಲೆನಾಡ್_ಲಾಯರಮ್ಮ

ಸಾಮಾನ್ಯ ಕೇಸಿಗೆ ಇಲ್ಲ. ಆದರೆ 1442ರಲ್ಲಿ ಒಯ್ದ ಕೇಸಿಗೆ ಅಪೀಲ್ ಇದೆ, 2011ರಲ್ಲಿ ಸೇರಿಸಿದರು. ಜಡ್ಜ್ ತಮ್ಮ ವಿವೇಚನೆಯಿಂದ ಕಳಿಸಿದ್ದಕ್ಕೂ ಅಪೀಲ್ ಇದೆ ಅಂತ 2009ರಲ್ಲೇ ತೀರ್ಪು ಬಂದಿದೆ. ಮಾಲೀಕರು ಮಾಡಬಹುದು. ಮಾಡುತ್ತಾರಾ ಅನ್ನೋದು ಬೇರೆ ಮಾತು, ಇನ್ಶೂರೆನ್ಸ್ ಕಂಪನಿ ಅದಕ್ಕೆ ದುಡ್ಡು ಸುರಿಯಬೇಕಲ್ಲ.

ಸಾಗರದವ_ಜೆರ್ಸಿಯಲ್ಲಿ

ಲಾಯರ್ ಜೊತೆ ಈಗಷ್ಟೇ ಮಾತಾಡಿದೆ. ಗುತ್ತಿಗೆದಾರನನ್ನು ನೇರ ಪ್ರತಿವಾದಿ ಮಾಡಲು ಒಪ್ಪಿದರು. ಫಾರ್ಮ್ ವಿಷಯಕ್ಕೆ, "ಬಾಡಿಗೆ ಕರಾರಿನಲ್ಲಿ ಹಿಮ ತೆಗೆಯೋದು ಯಾರ ಕೆಲಸ ಅಂತಿದೆ ನೋಡಿ ಆಮೇಲೆ ಯೋಚಿಸೋಣ" ಅಂದರು. ಕರಾರು ಮಾಲೀಕರ ಹತ್ತಿರ ಇದೆ, ಅವರು ಇನ್ನೂ ಕೊಟ್ಟಿಲ್ಲ.

ಬಯಲುಸೀಮೆ

ಮಾಲೀಕರು ಕೊಡದಿದ್ದರೆ ಇನ್ನೊಂದು ಕಡೆಯವರು ಇದ್ದಾರಲ್ಲ. ಫೆಡರಲ್ ಕಚೇರಿಯ ಕರಾರು ಅಂದ ಮೇಲೆ ಮಾಹಿತಿ ಹಕ್ಕಿನಲ್ಲಿ ಆ ಇಲಾಖೆಯನ್ನೇ ಕೇಳಬಹುದು ಅಲ್ವಾ?

ಮಲೆನಾಡ್_ಲಾಯರಮ್ಮ

ಕೇಳಬಹುದು, ಈ ವಾರವೇ ಕೇಳಿ. ಇಲಾಖೆ 20 ಕೆಲಸದ ದಿನದೊಳಗೆ ಉತ್ತರ ಕೊಡಬೇಕು ಅಂತ ಕಾನೂನಿದೆ, ನಡುವೆ ತಡವಾಗೋದೂ ಉಂಟು. ಆದ್ದರಿಂದ ಕರಾರು ಸಿಗಲಿ ಅಂತ ಕಾಯುತ್ತಾ ಫೆಬ್ರವರಿ ತನಕ ಹೋಗಬೇಡಿ. ಡಿಸೆಂಬರ್ ಒಳಗೆ ಬರದಿದ್ದರೆ ಫಾರ್ಮ್ ಕೊಟ್ಟುಬಿಡಿ ಅಂತ ಲಾಯರ್‌ಗೆ ಬರವಣಿಗೆಯಲ್ಲಿ ಕೇಳಿ. ಕರಾರು ನೋಡಿದ ಮೇಲೆ ಸರ್ಕಾರದ ತಪ್ಪಿಲ್ಲ ಅನ್ನಿಸಿದರೆ ಕ್ಲೇಮ್ ವಾಪಸ್ ತೆಗೆದುಕೊಳ್ಳಬಹುದು. ಕೊಡದೇ ಬಿಟ್ಟರೆ ಆಮೇಲೆ ಕೊಡೋಕೆ ಬರಲ್ಲ.

ರಾಗಿಮುದ್ದೆ_ರಾಲಿ

ಇನ್ನೊಂದು. ಫಾರ್ಮನ್ನು ಪೋಸ್ಟಿಗೆ ಹಾಕಿದ ದಿನ ಲೆಕ್ಕಕ್ಕೆ ಬರುತ್ತಾ, ಅವರ ಕೈ ಸೇರಿದ ದಿನವಾ?

ಮಲೆನಾಡ್_ಲಾಯರಮ್ಮ

ಕೈ ಸೇರಿದ ದಿನ. ಸರಿಯಾದ ಇಲಾಖೆಯ ಕೈ. ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ತಲುಪಿದ ರಸೀದಿ ಇಟ್ಟುಕೊಳ್ಳಿ.